ಕೆಂಪು ದೀಪ ಇದೆ, ಪೊಲೀಸ್ ‘ಬನ್ನಿ’ ಅಂತಾರೆ. ಸರ್ಕಲ್‌ನಲ್ಲಿ ಮೊದಲು ಯಾರ ಮಾತು ಕೇಳಬೇಕು?

ಗೋಧೂಳಿ

ಎಲ್ಲರಿಗೂ ನಮಸ್ಕಾರ. ನನ್ನದೊಂದು ಅನುಮಾನ, ಜೊತೆಗೊಂದು ಚಲನ್. ಊರಿನ ಹೆಸರು, ಸರ್ಕಲ್ ಹೆಸರು ಬೇಡ.

ಬೆಳಿಗ್ಗೆ ಸ್ಕೂಲ್ ಟೈಮ್. ನನ್ನ ಕಡೆ ಕೆಂಪು ದೀಪ, ಸ್ಟಾಪ್ ಲೈನ್ ಹಿಂದೆಯೇ ನಿಂತಿದ್ದೆ. ಸರ್ಕಲ್ ಮಧ್ಯೆ ಇದ್ದ ಟ್ರಾಫಿಕ್ ಪೊಲೀಸ್ ನಮ್ಮ ಕಡೆ ತಿರುಗಿ ಕೈ ಬೀಸಿ ಕರೆದರು. ಪಕ್ಕದ ಆಟೋ ಹೊರಟಿತು, ಹಿಂದಿನ ಬಸ್ಸಿನವನು ಹಾರ್ನ್ ಮೇಲೆ ಹಾರ್ನ್. ನಾನೂ ಹೊರಟೆ. ಆಮೇಲೆ ನೋಡಿದರೆ ಮೊಬೈಲಿಗೆ ಸಿಗ್ನಲ್ ಜಂಪ್ ಅಂತ ಮೆಸೇಜ್. ಫೋಟೋದಲ್ಲಿ ನನ್ನ ಸ್ಕೂಟರ್ ಇದೆ, ನಂಬರ್ ಪ್ಲೇಟ್ ಇದೆ, ಕೆಂಪು ದೀಪ ಚೆನ್ನಾಗಿ ಕಾಣಿಸುತ್ತದೆ. ಪೊಲೀಸ್ ಮಾತ್ರ ಫೋಟೋದಲ್ಲಿ ಇಲ್ಲ.

ನಮ್ಮ ಯಜಮಾನರು "ದೀಪಾನೇ ಕಾನೂನು, ಯಾರು ಕರೆದರೂ ಹೋಗಬಾರದಿತ್ತು" ಅಂತಾರೆ. ನಮ್ಮಪ್ಪ "ಪೊಲೀಸ್ ಕರೆದ ಮೇಲೆ ನಿಂತರೆ ಅದೇ ತಪ್ಪು" ಅಂತಾರೆ. ಇಬ್ಬರಲ್ಲಿ ಯಾರು ಸರಿ? ಈ ದಂಡ ಕಟ್ಟಬೇಕಾ?

ಕ್ಲಚ್‌ಪ್ಲೇಟ್

ನಿಮ್ಮ ತಂದೆಯವರು ಸರಿ ಮೇಡಂ. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಎಲ್‌ಎಲ್‌ಆರ್‌ಗೆ ಬರುವ ಹುಡುಗರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುತ್ತೇವೆ. ಸರ್ಕಲ್‌ನಲ್ಲಿ ಟ್ರಾಫಿಕ್ ನಡೆಸುತ್ತಿರುವ ಪೊಲೀಸ್ ಇದ್ದರೆ ಅವರ ಕೈ ಎಲ್ಲಕ್ಕಿಂತ ಮೇಲೆ. ಅವರಿಲ್ಲದಿದ್ದರೆ ದೀಪ. ದೀಪವೂ ಇಲ್ಲದಿದ್ದರೆ ಬೋರ್ಡು ಮತ್ತು ರಸ್ತೆ ಮೇಲಿನ ಬಿಳಿ ಗೆರೆ. ಇದ್ಯಾವುದೂ ಇಲ್ಲ ಅಂದರೆ, ನೀವು ಸೇರಲು ಹೊರಟಿರುವುದು ಮುಖ್ಯ ರಸ್ತೆಯಾದರೆ ಅದರಲ್ಲಿ ಬರುವವರಿಗೆ ದಾರಿ. ಮುಖ್ಯ ರಸ್ತೆ ಅಂತ ಯಾವುದೂ ಇಲ್ಲದಿದ್ದರೆ ನಿಮ್ಮ ಬಲಗಡೆಯಿಂದ ಬರುವವರಿಗೆ ದಾರಿ. ಬಲಗಡೆಯ ಈ ನಿಯಮ 1989ರ ರಸ್ತೆ ನಿಯಮಗಳಲ್ಲೂ ಇತ್ತು, ಅದರ ಜಾಗಕ್ಕೆ ಬಂದ 2017ರ ಚಾಲನಾ ನಿಯಮಗಳಲ್ಲೂ ಇದೆ.

ಕೈ ಸನ್ನೆ ಗೊತ್ತಿಲ್ಲದವರೇ ಜಾಸ್ತಿ, ಹಾಗಾಗಿ ಮುಖ್ಯವಾದ ಮೂರು ಹೇಳಿಬಿಡುತ್ತೇನೆ. ಪೊಲೀಸ್ ನಿಮಗೆ ಮುಖ ಮಾಡಿ ಬಲಗೈ ಮೇಲೆತ್ತಿ ಅಂಗೈ ತೋರಿಸಿದರೆ ನೀವು ನಿಲ್ಲಬೇಕು. ನಿಮಗೆ ಬೆನ್ನು ಮಾಡಿ ನಿಂತು ಎಡಗೈ ಪಕ್ಕಕ್ಕೆ ಚಾಚಿದ್ದರೆ ಅದೂ ನಿಮಗೇ, ಹಿಂದಿನಿಂದ ಬರುವವರು ನಿಲ್ಲಿ ಅಂತ. ಎರಡು ಕೈಯನ್ನೂ ಹಾಗೆ ಹಿಡಿದರೆ ಹಿಂದೆ ಮುಂದೆ ಎರಡೂ ಕಡೆ ಬಂದ್. ಬೆನ್ನು ಮಾಡಿ ನಿಂತ ಪೊಲೀಸ್ ನಮಗೇನೂ ಹೇಳುತ್ತಿಲ್ಲ ಅಂದುಕೊಂಡು ನುಗ್ಗುವವರೇ ಬೈಸಿಕೊಳ್ಳುವುದು.

ದುರ್ಗದ ಹೈದ

ಪುಸ್ತಕದಲ್ಲಿ ಚೆನ್ನಾಗಿದೆ ಗುರುಗಳೇ. ಕ್ಯಾಮೆರಾ ಇರುವ ಜಾಗದಲ್ಲಿ ನಾನಂತೂ ಪೊಲೀಸ್ ಕರೆದರೂ ಹೋಗುವುದಿಲ್ಲ. ಕರೆದವರು ಶಿಫ್ಟ್ ಮುಗಿಸಿ ಮನೆಗೆ ಹೋಗುತ್ತಾರೆ, ಮೆಸೇಜ್ ಬರುವುದು ನನ್ನ ಮೊಬೈಲಿಗೆ. ಬೇಕಾದರೆ ಹತ್ತಿರ ಬಂದು ಬೈಯಲಿ.

ಕರಿಕೋಟು

ದುರ್ಗದವರೇ, ಹತ್ತಿರ ಬಂದು ಬರೀ ಬೈದು ಹೋದರೆ ಪುಣ್ಯ. ಮೋಟಾರು ವಾಹನ ಕಾಯ್ದೆ, 1988ರ 179ನೇ ಸೆಕ್ಷನ್ ಪ್ರಕಾರ ಅಧಿಕಾರ ಇರುವವರು ಕಾನೂನುಬದ್ಧವಾಗಿ ಕೊಟ್ಟ ಸೂಚನೆಯನ್ನು ಬೇಕಂತಲೇ ಮೀರಿದರೆ ದಂಡವಿದೆ. 2019ರ ತಿದ್ದುಪಡಿಯಲ್ಲಿ ಅದರ ಮಿತಿ 2,000 ರೂಪಾಯಿಗೆ ಏರಿತು. ನಿಂತರೂ ತಪ್ಪು, ಹೋದರೂ ತಪ್ಪು ಅನ್ನುವ ಹಾಗೆ ಕಾಣಿಸುತ್ತದೆ, ಅಲ್ವಾ? ಹಾಗೇನಿಲ್ಲ. 119ನೇ ಸೆಕ್ಷನ್ ತೆಗೆದು ನೋಡಿ. ವಿದ್ಯುತ್ ಸಿಗ್ನಲ್ ಕೊಡುವ ಸೂಚನೆ, ಪೊಲೀಸ್ ಕೊಡುವ ಸೂಚನೆ, ಎರಡನ್ನೂ ಪಾಲಿಸಬೇಕು ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಎರಡೂ ಬೇರೆ ಬೇರೆ ಹೇಳಿದರೆ ಯಾವುದು ಮೇಲೆ ಅಂತ ಆ ಸಾಲಿನಲ್ಲಿ ಇಲ್ಲ. ವಾದ ಶುರುವಾಗುವುದೇ ಇಲ್ಲಿಂದ.

ಆದರೆ ಪೊಲೀಸ್ ಅನ್ನುವ ಮಾತಿಗೆ ಅಲ್ಲಿ ಒಂದು ಬಾಲ ಇದೆ. ಯಾವುದೋ ಪೊಲೀಸ್ ಅಲ್ಲ, ಆ ಹೊತ್ತಿಗೆ ಸಂಚಾರ ನಿಯಂತ್ರಣದಲ್ಲಿ ತೊಡಗಿರುವ ಪೊಲೀಸ್. ನನ್ನ ಪ್ರಕಾರ ಇಡೀ ವಿಷಯದ ಕೀಲಿ ಅದೇ. ಕಂಬಕ್ಕೆ ಒರಗಿ ಫೋನ್ ನೋಡುತ್ತಿರುವ ಪೇದೆ ದೀಪಕ್ಕಿಂತ ಮೇಲೆ ಅಲ್ಲ. ಪಕ್ಕದಲ್ಲಿ ಯಾರದೋ ಡಿಎಲ್ ನೋಡುತ್ತಾ ನಿಂತಿರುವವರೂ ಅಲ್ಲ. ಸರ್ಕಲ್ ಮಧ್ಯೆ ನಿಂತು ನಾಲ್ಕೂ ಕಡೆಯ ವಾಹನಗಳನ್ನು ತಾನೇ ಬಿಡುತ್ತಾ ತಡೆಯುತ್ತಾ ಇರುವವರು ಮೇಲೆ.

ಬೇರೆ ದೇಶಗಳೂ ಹೀಗೇ ಒಪ್ಪಿಕೊಂಡಿವೆ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 5ನೇ ವಿಧಿ ದೀಪವನ್ನು ಆದ್ಯತೆ ಹೇಳುವ ಬೋರ್ಡಿಗಿಂತ ಮೇಲೆ ಇಡುತ್ತದೆ. 6ನೇ ವಿಧಿ ಸಂಚಾರ ನಡೆಸುವ ಅಧಿಕಾರಿಯನ್ನು ದೀಪ, ಬೋರ್ಡು, ಗೆರೆ, ನಿಯಮ ಎಲ್ಲದಕ್ಕಿಂತ ಮೇಲೆ ಇಡುತ್ತದೆ.

ಗೋಧೂಳಿ ಮೇಡಂ, ದಂಡ ಈಗಲೇ ಕಟ್ಟಬೇಡಿ. ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ. ಆನ್‌ಲೈನಿನಲ್ಲಿ ಆಕ್ಷೇಪಣೆ ಹಾಕಲು ಅವಕಾಶ ಇರುತ್ತದೆ. ದಿನಾಂಕ, ಹೊತ್ತು, ನಿಂತಿದ್ದ ಜಾಗ ಬರೆಯಿರಿ. ಪೊಲೀಸ್ ಕೈ ತೋರಿಸಿ ಬಿಟ್ಟರು, ಆ ಹೊತ್ತಿನ ಪೂರ್ತಿ ವಿಡಿಯೋ ನೋಡಿ ಅಂತ ಕೇಳಿ. 2021ರ ಆಗಸ್ಟ್‌ನಲ್ಲಿ ಕೇಂದ್ರ ನಿಯಮಗಳಿಗೆ ಸೇರಿಸಿದ 167ಎ ಪ್ರಕಾರ ಕ್ಯಾಮೆರಾ ಹಿಡಿದ ತಪ್ಪಿನ ನೋಟಿಸ್ 15 ದಿನದೊಳಗೆ ಕಳಿಸಬೇಕು, ಆ ದಾಖಲೆಯನ್ನು ಚಲನ್ ಇತ್ಯರ್ಥ ಆಗುವವರೆಗೂ ಇಟ್ಟುಕೊಳ್ಳಬೇಕು. ಹಾಗಾಗಿ ಮೊದಲು ನೋಟಿಸಿನ ದಿನಾಂಕ ನೋಡಿ.

ಗೋಧೂಳಿ

ತುಂಬಾ ಥ್ಯಾಂಕ್ಸ್ ಸರ್. ದಿನಾಂಕದ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಆಕ್ಷೇಪಣೆ ಹಾಕುತ್ತೇನೆ. ಮನೆಯಲ್ಲಿ ಈ ಥ್ರೆಡ್ ಓದಿ ಹೇಳಿದೆ. ನಮ್ಮಪ್ಪ ಎದ್ದು ಹೋಗಿ ತಾವೇ ಇನ್ನೊಂದು ಲೋಟ ಕಾಫಿ ಮಾಡಿಕೊಂಡು ಬಂದು ಕೂತಿದ್ದಾರೆ!

ಹಳೇ ಸೀಟಿ

ಟ್ರಾಫಿಕ್‌ನಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ರಿಟೈರ್ ಆದವನು ನಾನು. ಎರಡು ಮಾತು ಹೇಳುತ್ತೇನೆ, ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ದೀಪ ಸರಿಯಾಗೇ ಉರಿಯುತ್ತಿರುವಾಗ ನಾವು ಯಾಕೆ ಕೈ ಹಾಕುತ್ತೇವೆ ಅಂತ ಜನ ಕೇಳುತ್ತಾರೆ. ಬಹಳ ಸಲ ಕಾರಣ ನಮ್ಮ ಸರ್ಕಲ್‌ನಲ್ಲೇ ಇರುವುದಿಲ್ಲ, ಮುಂದಿನದರಲ್ಲಿ ಇರುತ್ತದೆ. ಅಲ್ಲಿ ಬಸ್ ಕೆಟ್ಟು ನಿಂತಿತು ಅನ್ನಿ. ವಾಹನಗಳ ಸಾಲು ಬೆಳೆದು ಬೆಳೆದು ನಮ್ಮ ಸರ್ಕಲ್ ಒಳಗೇ ಬರುತ್ತದೆ. ಆ ದಿಕ್ಕಿಗೆ ಹಸಿರು ಇದ್ದರೂ ಬಿಟ್ಟರೆ ಪ್ರಯೋಜನ ಇಲ್ಲ. ಹೋದವರು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತಾರೆ, ಆಮೇಲೆ ಅಡ್ಡ ಹೋಗುವವರಿಗೂ ದಾರಿ ಇಲ್ಲ. ಹಸಿರಿನವರನ್ನು ತಡೆದು, ಕೆಂಪಿನಲ್ಲಿ ನಿಂತವರನ್ನು ಖಾಲಿ ಇರುವ ಕಡೆಗೆ ಕಳಿಸುತ್ತೇವೆ. ವೈರ್‌ಲೆಸ್‌ನಲ್ಲಿ ಆಂಬುಲೆನ್ಸ್ ಬರುತ್ತಿದೆ ಅಂತ ಹೇಳಿದರೂ ಹಾಗೇ. ವಿಐಪಿ ಬಂದರೂ ಹಾಗೇ. ಅದನ್ನು ನೀವು ಬೈಯುತ್ತೀರಿ ಅಂತ ನನಗೆ ಗೊತ್ತು.

ಜಾಸ್ತಿ ಹೊತ್ತು ನಾವೇ ನಡೆಸಬೇಕಾದರೆ ಸರಿಯಾದ ದಾರಿ ಬೇರೆ. ಸಿಗ್ನಲ್ ಕಂಬದ ಹತ್ತಿರ ಒಂದು ಪೆಟ್ಟಿಗೆ ಇರುತ್ತದೆ ನೋಡಿ. ಬೀಗ ತೆಗೆದರೆ ಒಳಗೆ ಆಟೋ, ಮ್ಯಾನ್ಯುಯಲ್ ಅಂತ ಸ್ವಿಚ್. ಮ್ಯಾನ್ಯುಯಲ್‌ಗೆ ಹಾಕಿ ಒಬ್ಬರು ಅಲ್ಲೇ ನಿಂತು ಗುಂಡಿ ಒತ್ತುತ್ತಾ ಹೋದರೆ ದೀಪವೂ ಕೈಯೂ ಒಂದೇ ಮಾತು ಹೇಳುತ್ತವೆ. ಯಾರಿಗೂ ಗೊಂದಲ ಇಲ್ಲ. ಆದರೆ ಸ್ಕೂಲ್ ಟೈಮಿನಲ್ಲಿ ಒಬ್ಬನೇ ಇದ್ದಾಗ ಪೆಟ್ಟಿಗೆ ಹತ್ತಿರ ನಿಲ್ಲುವುದಾ, ಮಧ್ಯಕ್ಕೆ ಹೋಗುವುದಾ? ಮಧ್ಯಕ್ಕೇ ಹೋಗುತ್ತೇವೆ. ಆಗ ದೀಪ ತನ್ನ ಪಾಡಿಗೆ ಒಂದು ಹೇಳುತ್ತದೆ, ನಾವು ಇನ್ನೊಂದು ಹೇಳುತ್ತೇವೆ.

ಈಗ ನಿಮಗೆ ಬೇಕಾದ ಮಾತು. ನಾವು ಕೈ ಬೀಸುವುದು ಎರಡು ಥರ. ಒಂದು, ಹಸಿರಿನಲ್ಲಿ ಹೋಗುತ್ತಿರುವವರಿಗೆ ‘ಬೇಗ ನಡೀರಿ’ ಅಂತ. ಇನ್ನೊಂದು, ಕೆಂಪಿನಲ್ಲಿ ನಿಂತವರಿಗೆ ‘ಬನ್ನಿ’ ಅಂತ. ಮೊದಲನೆಯದನ್ನು ನೋಡಿ ಕೆಂಪಿನವರು ಹೊರಟುಬಿಡುತ್ತಾರೆ! ಎಷ್ಟು ಸಲ ನೋಡಿದ್ದೇನೋ. ಇವೆರಡನ್ನು ಹೇಗೆ ಗುರುತಿಸುವುದು? ಪೊಲೀಸ್ ಕೈ ನೋಡುವ ಮುಂಚೆ ಅಡ್ಡ ರಸ್ತೆ ನೋಡಿ. ಕೆಂಪಿನವರನ್ನು ಕರೆಯುವವನು ಮೊದಲು ಹಸಿರಿನವರನ್ನು ನಿಲ್ಲಿಸಿರುತ್ತಾನೆ. ಒಂದು ಕೈ ಆ ಕಡೆ ತಡೆದಿರುತ್ತದೆ, ಮುಖ ನಿಮ್ಮ ಕಡೆ ಇರುತ್ತದೆ. ಅಡ್ಡ ರಸ್ತೆಯ ವಾಹನಗಳು ಇನ್ನೂ ಓಡುತ್ತಿದ್ದರೆ ಆ ಕೈ ನಿಮಗಲ್ಲ. ಸೀಟಿ ಕೇಳಿ ಹೊರಡಬೇಡಿ. ಸೀಟಿ ಬರೀ ನಮ್ಮ ಕಡೆ ನೋಡಿ ಅನ್ನುವುದಕ್ಕೆ.

ಕ್ಲಚ್‌ಪ್ಲೇಟ್

ಅಡ್ಡ ರಸ್ತೆ ನಿಂತಿದೆಯಾ ಅಂತ ನೋಡಿ ಅನ್ನುವುದು ಬಂಗಾರದ ಮಾತು ಸಾರ್. ನಾಳೆಯಿಂದ ಕ್ಲಾಸಿನಲ್ಲಿ ಹೇಳುತ್ತೇನೆ, ನಿಮ್ಮ ಹೆಸರಲ್ಲೇ.

ಷ್ಟುಟ್‌ಗಾರ್ಟ್ ಶೆಟ್ರು

ಇಲ್ಲಿ ಜರ್ಮನಿಯಲ್ಲಿ ಲೈಸೆನ್ಸ್ ಮಾಡಿಸುವಾಗ ಈ ಕ್ರಮವನ್ನು ಅರೆದು ಕುಡಿಸುತ್ತಾರೆ. ಪೊಲೀಸ್, ಆಮೇಲೆ ದೀಪ, ಆಮೇಲೆ ಬೋರ್ಡು, ಕೊನೆಗೆ ಬಲಗಡೆಯವರು ಮೊದಲು ಅನ್ನುವ ನಿಯಮ. ರಸ್ತೆ ಸಂಚಾರ ನಿಯಮದ 36 ಮತ್ತು 37ನೇ ಕಲಮುಗಳಲ್ಲಿ ಇದು ಸ್ಪಷ್ಟವಾಗಿದೆ. ನಮ್ಮ 119ರ ಹಾಗೆ ತಲೆ ಕೆರೆದುಕೊಳ್ಳುವ ಕೆಲಸ ಇಲ್ಲ.

ಪೊಲೀಸ್ ಸನ್ನೆಗೆ ಡ್ರೈವಿಂಗ್ ಸ್ಕೂಲಿನಲ್ಲಿ ಒಂದು ಪ್ರಾಸದ ಮಾತು ಕಲಿಸುತ್ತಾರೆ. ಎದೆ ಅಥವಾ ಬೆನ್ನು ಕಂಡರೆ ಬ್ರೇಕ್ ಒತ್ತು, ಪ್ಯಾಂಟಿನ ಪಕ್ಕದ ಹೊಲಿಗೆ ಕಂಡರೆ ಹೋಗು ಅನ್ನುವ ಅರ್ಥ. ಕೈ ಬೀಸುವ ಸನ್ನೆಗೆ ಕಾಯುವ ಅಗತ್ಯವೇ ಇಲ್ಲ, ಅವರು ನಿಂತ ಭಂಗಿಯೇ ಸಾಕು.

ಇನ್ನೊಂದು ನನಗೆ ಇಷ್ಟವಾದದ್ದು. ಸಿಗ್ನಲ್ ಇರುವ ಜಂಕ್ಷನ್‌ನಲ್ಲೂ ಮುಖ್ಯ ರಸ್ತೆಯ ಹಳದಿ ಚೌಕದ ಬೋರ್ಡು, ದಾರಿ ಬಿಡಿ ಅನ್ನುವ ತಲೆಕೆಳಗಾದ ತ್ರಿಕೋನ ಎರಡೂ ಇರುತ್ತವೆ. ಹೊಸಬರು ‘ದೀಪ ಹಸಿರು, ಬೋರ್ಡು ದಾರಿ ಬಿಡು ಅಂತಿದೆ, ಏನು ಮಾಡಲಿ’ ಅಂತ ಗಾಬರಿ ಆಗುತ್ತಾರೆ. ದೀಪ ಉರಿಯುತ್ತಿರುವವರೆಗೂ ಆ ಬೋರ್ಡು ಮಲಗಿದೆ ಅಂದುಕೊಳ್ಳಬೇಕು. ದೀಪ ಆರಿದರೆ, ಇಲ್ಲಾ ಅಡ್ಡ ರಸ್ತೆಯವರಿಗೆ ಹಳದಿ ಮಿಣುಕಲು ಶುರುವಾದರೆ ಬೋರ್ಡು ಎದ್ದು ಕೂರುತ್ತದೆ. ಎಲ್ಲರಿಗೂ ಆಗ ಯಾರು ಮೊದಲು ಅಂತ ಗೊತ್ತು.

ನೈಟ್‌ಶಿಫ್ಟ್

ಶೆಟ್ರೇ, ಇಲ್ಲಿ ಬೋರ್ಡು ಮರದ ಕೊಂಬೆ ಹಿಂದೆ ಮಲಗಿರುತ್ತದೆ. ಕಾರ್ಪೊರೇಟರ್ ಹುಟ್ಟುಹಬ್ಬದ ಫ್ಲೆಕ್ಸ್ ಹಿಂದೆಯೂ ಮಲಗಿರುತ್ತದೆ.

ನಾನು ರಾತ್ರಿ ಕ್ಯಾಬ್ ಓಡಿಸುವವನು. ನಮಗೆ ಪೊಲೀಸ್ ಸಿಗುವುದಿಲ್ಲ, ಸಿಗುವುದು ಬ್ಲಿಂಕರ್. ರಾತ್ರಿ ಬಹಳ ಸಿಗ್ನಲ್‌ಗಳನ್ನು ಬ್ಲಿಂಕರ್‌ಗೆ ಹಾಕಿರುತ್ತಾರೆ. ಅದರಲ್ಲಿ ಎರಡು ಬಣ್ಣ ಅಂತ ಎಷ್ಟು ಜನಕ್ಕೆ ಗೊತ್ತು? ಹಳದಿ ಮಿಣುಕಿದರೆ ನಿಧಾನ ಮಾಡಿ, ನೋಡಿಕೊಂಡು ಹೋಗಬಹುದು. ಕೆಂಪು ಮಿಣುಕಿದರೆ ಸ್ಟಾಪ್ ಲೈನ್ ಹಿಂದೆ ಪೂರ್ತಿ ನಿಂತು, ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು ಹೊರಡಬೇಕು. ಮಿಣುಕುವ ಕೆಂಪಿನಲ್ಲಿ ನಾನು ನಿಂತರೆ ಹಿಂದಿನವನು ಲೈಟ್ ಮೇಲೆ ಲೈಟ್ ಹೊಡೆಯುತ್ತಾನೆ. ಹೊಡೀಲಿ ಬಿಡಿ. ಅಡ್ಡ ರಸ್ತೆಯಲ್ಲಿ ಖಾಲಿ ಟಿಪ್ಪರ್ ಬರುವ ಸ್ಪೀಡು ನೋಡಿದವನು ನಿಂತೇ ನಿಲ್ಲುತ್ತಾನೆ.

ಕರೆಂಟ್ ಹೋಗಿ ದೀಪ ಪೂರ್ತಿ ಆರಿದ್ದರೆ ಮೇಲೆ ಹೇಳಿದ ಬಲಗಡೆ ನಿಯಮ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಆಗ ನಡೆಯುವುದು ದೊಡ್ಡ ಗಾಡಿ ನಿಯಮ. ಲಾರಿ ಮೊದಲು, ಆಮೇಲೆ ಬಸ್ಸು, ಆಮೇಲೆ ಎಸ್‌ಯುವಿ. ಆಲ್ಟೋದವನು ಕೊನೆ.

ಬೇ ಏರಿಯಾ ಬಸಳೆ

ಕ್ಯಾಲಿಫೋರ್ನಿಯಾದಲ್ಲಿ ಆರಿದ ಸಿಗ್ನಲ್ ಅಂದರೆ ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇದ್ದ ಹಾಗೆ. ಎಲ್ಲರೂ ನಿಲ್ಲಬೇಕು, ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಇಬ್ಬರು ಒಟ್ಟಿಗೇ ಬಂದರೆ ಬಲಗಡೆಯವರಿಗೆ ದಾರಿ. ಬಿರುಗಾಳಿಗೆ ಕರೆಂಟ್ ಹೋದ ಸಂಜೆ ದೊಡ್ಡ ರಸ್ತೆಯಲ್ಲೂ ಒಂದು ಕಾರು ಇಲ್ಲಿಂದ, ಒಂದು ಕಾರು ಅಲ್ಲಿಂದ ಅಂತ ಹೋಗುತ್ತಾ ಇರುತ್ತವೆ. ಊರಿನಿಂದ ಬಂದ ಅಮ್ಮ ಅದನ್ನು ನೋಡಿ "ಇವರಿಗೆಲ್ಲ ಯಾರು ಹೇಳಿಕೊಟ್ಟರೋ" ಅಂದರು. ಪೊಲೀಸ್ ಬಂದು ನಿಂತರೆ ಇಲ್ಲೂ ಅವರದ್ದೇ ಕೊನೆ ಮಾತು.

ಆದರೆ ನಮ್ಮಲ್ಲಿಂದ ಬಂದವರು ಇಲ್ಲಿ ಎಡವುವುದು ಬೇರೆ ಕಡೆ. ಇಲ್ಲಿ ಬಲಗಡೆ ಓಡಾಟ, ಕೆಂಪಿನಲ್ಲೂ ಪೂರ್ತಿ ನಿಂತು ನೋಡಿ ಬಲಕ್ಕೆ ತಿರುಗಬಹುದು, ಬೇಡ ಅಂತ ಬೋರ್ಡ್ ಇಲ್ಲದಿದ್ದರೆ. ಆ ‘ಪೂರ್ತಿ ನಿಂತು’ ಅನ್ನುವುದನ್ನು ಮರೆಯುತ್ತಾರೆ.

ಕುಡ್ಲ ಕಾರ್

ನಮ್ಮ ಫ್ರೀ ಲೆಫ್ಟ್ ಕಥೆ ಎತ್ತಿದಿರಲ್ಲ ಮಾರಾಯ್ರೆ! ಮಂಗಳೂರಿನಲ್ಲಿ ನಾನು ಕೆಂಪಿಗೆ ಎಡಗಡೆ ಲೇನ್‌ನಲ್ಲಿ ನಿಂತರೆ ಸಾಕು, ಹಿಂದಿನಿಂದ ಹಾರ್ನ್ ಶುರು. ಎಡಕ್ಕೆ ತಿರುಗುವವರಿಗೆ ಸಿಗ್ನಲ್ಲೇ ಇಲ್ಲ ಅಂತ ಅವರ ನಂಬಿಕೆ. ಇದು ಕಾನೂನಾ, ರೂಢಿಯಾ?

ಕರಿಕೋಟು

ರೂಢಿ. ಫ್ರೀ ಲೆಫ್ಟ್ ಅಂತ ಬೋರ್ಡು ಇದ್ದರೆ, ಇಲ್ಲಾ ಎಡಕ್ಕೆ ಹಸಿರು ಬಾಣ ಉರಿಯುತ್ತಿದ್ದರೆ ತಿರುಗಬಹುದು. ಎರಡೂ ಇಲ್ಲದಿದ್ದರೆ ಕೆಂಪು ಎಡಕ್ಕೆ ಹೋಗುವವರಿಗೂ ಕೆಂಪೇ. 2019ರ ತಿದ್ದುಪಡಿ ಆದ ಮೇಲೆ ಕೆಂಪು ದೀಪ ದಾಟುವುದನ್ನು 184ನೇ ಸೆಕ್ಷನ್ ಅಡಿ ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿಸಿದ್ದಾರೆ. ಸ್ಟಾಪ್ ಬೋರ್ಡು ಮೀರುವುದು, ಕೈಯಲ್ಲಿ ಫೋನ್ ಹಿಡಿದು ಓಡಿಸುವುದೂ ಅದೇ ಪಟ್ಟಿಯಲ್ಲಿವೆ. ಮೊದಲ ಸಲದ ತಪ್ಪಿಗೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ ಎರಡೂ ಅಂತ ಬರೆದಿದೆ. ಜೈಲಿಗೆ ಹಾಕಿದ್ದನ್ನು ನಾನು ನೋಡಿಲ್ಲ, ಆದರೆ ಸೆಕ್ಷನ್ ಅಷ್ಟು ಗಟ್ಟಿಯಾಗಿದೆ.

ಮತ್ತೆ, ಫ್ರೀ ಲೆಫ್ಟ್ ಇದ್ದರೂ ಜೀಬ್ರಾ ಕ್ರಾಸಿಂಗ್ ಮೇಲೆ ನಡೆಯುತ್ತಿರುವವರು ಮೊದಲು.

ಸೈಕಲ್ ಸುಬ್ಬ

ಅಬ್ಬಾ, ಕೊನೆಗೂ ಒಬ್ಬರು ನಡೆಯುವವರ ಹೆಸರು ಹೇಳಿದರು. ಇಷ್ಟೊತ್ತು ಪೊಲೀಸ್ ಮೇಲಾ ದೀಪ ಮೇಲಾ ಅಂತ ಮಾತಾಡಿದಿರಿ. ನನ್ನಂಥ ನಡೆಯುವವನಿಗೆ ಹಸಿರು ಮನುಷ್ಯನ ದೀಪ ಬಂದಾಗಲೇ ಎಡಕ್ಕೆ ತಿರುಗುವ ಕಾರುಗಳಿಗೂ ಹಸಿರು ಬರುವ ಜಂಕ್ಷನ್‌ಗಳಿವೆ. ಅಲ್ಲಿ ಇಬ್ಬರದ್ದೂ ಹಸಿರೇ. ಅಂಥ ಕಡೆ ತಿರುಗುವವರು ಕಾಯಬೇಕು, ದಾಟುವವರು ಹೋಗಬೇಕು. ಆದರೆ ಸ್ಟಾಪ್ ಲೈನ್ ದಾಟಿ ಜೀಬ್ರಾ ಮೇಲೆ ಬೈಕ್ ನಿಲ್ಲಿಸಿಕೊಂಡು ಟೈಮರ್‌ನಲ್ಲಿ ಮೂರು, ಎರಡು ಅಂತ ಎಣಿಸುವವರ ಮುಂದೆ ಈ ಮಾತೆಲ್ಲ ಯಾರು ಹೇಳುವುದು?

ಒಂದು ಹಳೇ ಕಥೆ ಹೇಳಿಬಿಡುತ್ತೇನೆ. ಲಂಡನ್ನಿನ ಪಾರ್ಲಿಮೆಂಟ್ ಹತ್ತಿರ 1868ರ ಡಿಸೆಂಬರಿನಲ್ಲಿ ಮೊದಲ ಟ್ರಾಫಿಕ್ ದೀಪ ನಿಲ್ಲಿಸಿದರು. ಗ್ಯಾಸ್ ದೀಪ. ಅದನ್ನು ಕೈಯಿಂದ ತಿರುಗಿಸುತ್ತಿದ್ದವನು ಪೊಲೀಸ್. ಒಂದು ತಿಂಗಳು ಆಗುವಷ್ಟರಲ್ಲಿ, 1869ರ ಜನವರಿಯಲ್ಲಿ, ಗ್ಯಾಸ್ ಸೋರಿ ಸಿಡಿದು ಆ ಪೊಲೀಸ್‌ಗೇ ಗಾಯ ಆಯಿತು. ದೀಪಕ್ಕೂ ಪೊಲೀಸ್‌ಗೂ ಜಗಳ ಆವತ್ತಿನಿಂದಲೇ ಇದೆ ನೋಡಿ.

ಹಳೇ ಸೀಟಿ

ಸುಬ್ಬಣ್ಣ, ಚೆನ್ನಾಗಿ ಹೇಳಿದೆಯಪ್ಪಾ. ಟೈಮರ್ ವಿಷಯಕ್ಕೆ ಒಂದು ಮಾತು. ಬೆಂಗಳೂರಿನಲ್ಲಿ ಈಗ ವಾಹನಗಳ ಸಾಲು ನೋಡಿ ತಾನೇ ಹೊತ್ತು ಬದಲಿಸಿಕೊಳ್ಳುವ ಸಿಗ್ನಲ್‌ಗಳು ಬಂದಿವೆ. ಹಸಿರು ಎಷ್ಟು ಹೊತ್ತು ಅಂತ ಅದಕ್ಕೇ ಮೊದಲೇ ಗೊತ್ತಿಲ್ಲದ ಮೇಲೆ ಟೈಮರ್ ತೋರಿಸುವುದು ಹೇಗೆ? ಹಾಗಾಗಿ ಟೈಮರ್ ನೋಡಿ ಎರಡು ಸೆಕೆಂಡ್ ಮುಂಚೆ ಜಿಗಿಯುವ ಆಟ ಅಲ್ಲಿ ನಡೆಯುವುದಿಲ್ಲ. ನನಗೆ ಅದರಿಂದ ಸಂತೋಷವೇ.

ಸೈರನ್

ನಾನು ಆಂಬುಲೆನ್ಸ್ ಓಡಿಸುತ್ತೇನೆ. ಈ ಪಟ್ಟಿಯಲ್ಲಿ ನಾವು ಎಲ್ಲಿ ಬರುತ್ತೇವೆ ಅಂತ ಯಾರೂ ಹೇಳಲಿಲ್ಲ.

ನಿಯಮದಲ್ಲಿ ತುರ್ತು ವಾಹನಗಳಿಗೂ ಸಾಲು ಇದೆ. 2017ರ ಚಾಲನಾ ನಿಯಮದಲ್ಲಿ ಮೊದಲು ಅಗ್ನಿಶಾಮಕ ವಾಹನ, ಆಮೇಲೆ ಆಂಬುಲೆನ್ಸ್, ಆಮೇಲೆ ಪೊಲೀಸ್ ವಾಹನ. ಸೈರನ್ ಹಾಕಿಕೊಂಡು ತುರ್ತಿನಲ್ಲಿ ಹೋಗುವಾಗ ನಾವು ಕೆಂಪು ದಾಟಬಹುದು. ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ. ಸ್ಪೀಡ್ ಇಳಿಸಿ, ಅಡ್ಡ ರಸ್ತೆಯವರು ನಮ್ಮನ್ನು ನೋಡಿದರಾ ಅಂತ ನೋಡಿಯೇ ಹೋಗಬೇಕು. ದಾರಿ ಬಿಡದವರಿಗೆ 194ಇ ಸೆಕ್ಷನ್‌ನಲ್ಲಿ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ 2019ರಲ್ಲಿ ಸೇರಿಸಿದರು.

ಜನಕ್ಕೆ ಗೊತ್ತಿಲ್ಲದ್ದು ಇದು. ನಾವು ಹಿಂದೆ ಬಂದ ತಕ್ಷಣ ಮುಂದಿನ ಕಾರಿನವರು ಗಾಬರಿಯಾಗಿ ಕೆಂಪಿನಲ್ಲೇ ಜಂಕ್ಷನ್ ಮಧ್ಯಕ್ಕೆ ನುಗ್ಗುತ್ತಾರೆ. ಅಡ್ಡ ರಸ್ತೆಯವರು ಆ ಕಾರಿಗಾಗಿ ನಿಂತಿರುವುದಿಲ್ಲ, ಅವರಿಗೆ ನಮ್ಮ ಸೈರನ್ ಇನ್ನೂ ಕೇಳಿಸಿರುವುದೂ ಇಲ್ಲ. ಒಂದು ಸಲ ನನ್ನ ಮುಂದೆಯೇ ಹಾಗೆ ನುಗ್ಗಿದ ಕಾರಿಗೆ ಬೈಕ್ ಬಂದು ಬಡಿಯಿತು. ನನ್ನ ಗಾಡಿಯಲ್ಲಿ ಆಗಲೇ ಒಬ್ಬರು ಮಲಗಿದ್ದಾರೆ, ರಸ್ತೆಯಲ್ಲಿ ಇನ್ನೊಬ್ಬರು ಬಿದ್ದರು. ದಯವಿಟ್ಟು ಎಡಕ್ಕೋ ಬಲಕ್ಕೋ ಒತ್ತಿಕೊಳ್ಳಿ, ಒಂದು ಸಣ್ಣ ಓಣಿ ಮಾಡಿ ಸಾಕು. ಸ್ಟಾಪ್ ಲೈನ್ ಅರ್ಧ ಗಾಡಿ ದಾಟಿದರೆ ಪರವಾಗಿಲ್ಲ, ಜಂಕ್ಷನ್ ಒಳಗೆ ಹೋಗಬೇಡಿ.

ದುರ್ಗದ ಹೈದ

ಅಣ್ಣ, ಆ ಅರ್ಧ ಗಾಡಿಗೂ ಕ್ಯಾಮೆರಾ ಚಲನ್ ಹಾಕಿದರೆ?

ಸೈರನ್

ಆಂಬುಲೆನ್ಸ್‌ಗೆ ದಾರಿ ಬಿಡಲು ಹೋಗಿ ಸಿಗ್ನಲ್ ದಾಟಿದವರ ದಂಡ ರದ್ದು ಮಾಡುತ್ತೇವೆ, ಬಂದು ಹೇಳಿ ಅಂತ ಬೆಂಗಳೂರು ಸಂಚಾರ ಪೊಲೀಸರೇ ಹೇಳಿದ್ದರು, ಪೇಪರ್‌ನಲ್ಲೂ ಬಂದಿತ್ತು. ಆ ಕ್ಯಾಮೆರಾ ವಿಡಿಯೋದಲ್ಲಿ ನಮ್ಮ ಗಾಡಿಯೂ ಬಂದಿರುತ್ತದೆ ತಮ್ಮಾ. ಹೆದರಬೇಡ.

ಹುಬ್ಬಳ್ಳಿ ಮೆಣಸಿನಕಾಯಿ

ನಮ್ಮ ಕಡೆದ್ದೊಂದು ಸೇರಿಸ್ರಿ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿಗೆ ರಸ್ತೆ ಮಧ್ಯೆ ಬೇರೆ ಲೇನ್ ಇದೆ. ಸಿಗ್ನಲ್‌ನಲ್ಲಿ ಚಿಗರಿ ಹೊರಟಿತು ಅಂದರೆ ಸಾಕು, ಪಕ್ಕದ ಬೈಕಿನವರು ನಮಗೂ ಬಿಟ್ಟರು ಅಂತ ಎಕ್ಸಲೇಟರ್ ತಿರುವುತ್ತಾರೆ. ದೀಪದ ಕಡೆ ನೋಡುವುದೇ ಇಲ್ಲ. ಪಕ್ಕದ ಗಾಡಿ ಹೊರಟಿದ್ದು ನಿಮಗೆ ಸಿಗ್ನಲ್ ಅಲ್ಲ ನೋಡ್ರಿ. ನನ್ನನ್ನು ಕೇಳಿದರೆ, ನಮ್ಮ ಜನ ಪಾಲಿಸುವ ಮೊದಲ ಸಿಗ್ನಲ್ ಪೊಲೀಸೂ ಅಲ್ಲ, ದೀಪವೂ ಅಲ್ಲ. ಹಿಂದಿನವನ ಹಾರ್ನ್!

ಗೋಧೂಳಿ

ಹಹ್ಹಾ, ಇದು ನನಗೇ ಬಿತ್ತು ಅನ್ನಿಸುತ್ತದೆ. ಆದರೆ ಹಳೇ ಸೀಟಿ ಸರ್ ಹೇಳಿದ ಹಾಗೆ ನೆನಪಿಸಿಕೊಂಡೆ. ಅಡ್ಡ ರಸ್ತೆಯಲ್ಲಿ ಸ್ಕೂಲ್ ವ್ಯಾನ್ ನಿಂತಿತ್ತು, ಅದರ ಹಿಂದೆ ಸಾಲು ನಿಂತಿತ್ತು. ಪೊಲೀಸ್ ಎಡಗೈ ಆ ಕಡೆ ಅಡ್ಡ ಇತ್ತು. ಆಕ್ಷೇಪಣೆಯಲ್ಲಿ ಇದನ್ನೂ ಬರೆದಿದ್ದೇನೆ. ಕಾದು ನೋಡೋಣ.

ಅರಮನೆ ಊರು

ಮೈಸೂರಿನವನು ನಾನು. ನಮ್ಮಲ್ಲಿ ದೀಪಕ್ಕಿಂತ ದುಂಡು ಸರ್ಕಲ್ ಹಳೆಯದು. ಕೆ.ಆರ್. ಸರ್ಕಲ್ ಸುತ್ತ ಓಡಿಸಿ ಕಲಿತವರಿಗೆ ಒಂದು ಮಾತು ರಕ್ತದಲ್ಲೇ ಬಂದಿರುತ್ತದೆ. ಒಳಗೆ ಸುತ್ತುತ್ತಿರುವವರು ಮೊದಲು, ಹೊರಗಿನಿಂದ ಸೇರುವವರು ಕಾಯಬೇಕು. ಒಳಗಿರುವವರು ನಮ್ಮ ಬಲಗಡೆಯಿಂದಲೇ ಬರುವುದರಿಂದ ಅದೇ ಬಲಗಡೆ ನಿಯಮ. ಪೊಲೀಸ್ ನಿಂತರೆ ಇದೂ ಬದಿಗೆ. ದಸರಾ ಸಮಯದಲ್ಲಿ ಬಂದು ನೋಡಿ. ಆಗ ದೀಪ, ಬೋರ್ಡು, ಒನ್‌ವೇ ಯಾವುದನ್ನೂ ನಂಬಬೇಡಿ. ಬ್ಯಾರಿಕೇಡ್ ಎಲ್ಲಿದೆ, ಪೊಲೀಸ್ ಕೈ ಎಲ್ಲಿ ತೋರಿಸುತ್ತದೆ, ಅಷ್ಟೇ.

ದುಬೈ ದೋಸೆ

ಇಲ್ಲಿ ಯುಎಇಯಲ್ಲಿ ಕೆಂಪು ದಾಟಿದರೆ 1,000 ದಿರ್ಹಮ್, ಲೈಸೆನ್ಸ್ ಮೇಲೆ 12 ಕಪ್ಪು ಅಂಕ, ಗಾಡಿ 30 ದಿನ ಸೀಜ್. ಆದ್ದರಿಂದ ಇಲ್ಲಿ ಯಾರೂ ಥ್ರೆಡ್ ಹಾಕುವುದಿಲ್ಲ. ಸುಮ್ನೆ ನಿಲ್ಲುತ್ತಾರೆ.

ಕುಡ್ಲ ಕಾರ್

ಇನ್ನೊಂದು ಪ್ರಶ್ನೆ ಕರಿಕೋಟು ಸರ್‌ಗೆ. ಕೈ ತೋರಿಸುವವರು ಯಾವಾಗಲೂ ಪೊಲೀಸ್ ಆಗಿರುವುದಿಲ್ಲ. ಹೋಂ ಗಾರ್ಡ್ ಇರುತ್ತಾರೆ, ವಾರ್ಡನ್ ಇರುತ್ತಾರೆ, ಸ್ಕೂಲಿನ ಸೆಕ್ಯುರಿಟಿ ಇರುತ್ತಾರೆ. ಮೆಟ್ರೋ ಕೆಲಸ ನಡೆಯುವ ಕಡೆ ಹಸಿರು ಬಾವುಟ ಹಿಡಿದ ಹುಡುಗ ಇರುತ್ತಾನೆ. ಜಾಮ್ ಆದರೆ ಬೈಕ್ ಇಳಿದು ಬಂದ ಯಾರೋ ಪುಣ್ಯಾತ್ಮ ಇರುತ್ತಾರೆ. ಇವರೆಲ್ಲರ ಕೈಗೂ ದೀಪದ ಮೇಲಿನ ಅಧಿಕಾರ ಇದೆಯಾ?

ಕರಿಕೋಟು

ಒಳ್ಳೆ ಪ್ರಶ್ನೆ, ಉತ್ತರ ಅಷ್ಟು ನುಣುಪಾಗಿಲ್ಲ. 119ರಲ್ಲಿ ಇರುವುದು ಪೊಲೀಸ್ ಅಂತ. ಪೊಲೀಸರ ಜೊತೆ ಸಂಚಾರ ಡ್ಯೂಟಿಗೆ ಹಾಕಿದ ಹೋಂ ಗಾರ್ಡ್ ಮತ್ತು ವಾರ್ಡನ್‌ಗಳನ್ನು ನಾನು ಅದೇ ಸಾಲಿನಲ್ಲಿ ಇಡುತ್ತೇನೆ, ಯಾಕೆಂದರೆ ಅವರನ್ನು ಆ ಕೆಲಸಕ್ಕೇ ನೇಮಿಸಿರುತ್ತಾರೆ. ದಂಡ ವಸೂಲಿ ಮಾಡುವ ಅಧಿಕಾರ ಮಾತ್ರ ಅವರಿಗಿಲ್ಲ, ಅದು ಬೇರೆ ವಿಷಯ. ಸ್ಕೂಲ್ ಸೆಕ್ಯುರಿಟಿ, ಬಾವುಟದ ಹುಡುಗ, ಬೈಕ್ ಇಳಿದ ಪುಣ್ಯಾತ್ಮ, ಇವರು ‘ನಿಲ್ಲಿ’ ಅಂದರೆ ನಿಲ್ಲಿ. ನಿಂತರೆ ಏನೂ ಹೋಗುವುದಿಲ್ಲ, ಅವರು ನಿಮಗೆ ಕಾಣದ್ದನ್ನು ನೋಡಿರಬಹುದು. ಆದರೆ ಕೆಂಪಿನಲ್ಲಿ ‘ಬನ್ನಿ’ ಅಂದರೆ ಹೋಗಬೇಡಿ. ಕೋರ್ಟಿನಲ್ಲಿ ‘ಬಾವುಟ ತೋರಿಸಿದರು ಸ್ವಾಮಿ’ ಅಂದರೆ ನಡೆಯುವುದು ಕಷ್ಟ.

ಹಳೇ ಸೀಟಿ

ಲಾಯರ್ ಸಾಹೇಬರು ಹೇಳಿದ್ದು ಸರಿ. ನಿಲ್ಲಿ ಅಂದರೆ ಯಾರು ಹೇಳಿದರೂ ನಿಲ್ಲಬಹುದು. ಹೋಗಿ ಅಂದರೆ ಸಮವಸ್ತ್ರ ನೋಡಿ, ಅಡ್ಡ ರಸ್ತೆ ನೋಡಿ.

ನೈಟ್‌ಶಿಫ್ಟ್

ಕ್ಲಚ್‌ಪ್ಲೇಟ್ ಸರ್, ಒಂದು ಜಗಳ ಬಾಕಿ ಇದೆ, ತೀರಿಸಿಕೊಡಿ. ಬಲಕ್ಕೆ ತಿರುಗುವಾಗ ನನಗೆ ದುಂಡು ಹಸಿರು ಇತ್ತು. ಎದುರಿನಿಂದ ನೇರ ಬರುತ್ತಿದ್ದವನಿಗೂ ಹಸಿರು. ನಾನು ತಿರುಗಲು ಹೋದೆ, ಅವನು ಬ್ರೇಕ್ ಹಾಕಿ ಇಳಿದು ಬಂದ. ನನಗೂ ಹಸಿರು ಇತ್ತಲ್ಲ, ಅವನದ್ದೇನು ಗಲಾಟೆ ಅಂತ ನಮ್ಮ ಕ್ಯಾಬ್ ಗ್ರೂಪಿನಲ್ಲಿ ಹಾಕಿದರೆ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ.

ಕ್ಲಚ್‌ಪ್ಲೇಟ್

ಇಳಿದು ಬಂದವರದ್ದೇ ಸರಿ ಗುರು. ಹಸಿರು ಬಾಣ ಬೇರೆ, ದುಂಡು ಹಸಿರು ಬೇರೆ. ಬಾಣ ಉರಿದರೆ ಎದುರಿನವರಿಗೆ ಕೆಂಪು ಇರುತ್ತದೆ, ನೀವು ಆರಾಮಾಗಿ ತಿರುಗಬಹುದು. ದುಂಡು ಹಸಿರು ಅಂದರೆ ಜಂಕ್ಷನ್ ಒಳಗೆ ಬರಬಹುದು ಅಂತ ಅಷ್ಟೇ. ಬಲಕ್ಕೆ ಹೋಗುವವರು ಮಧ್ಯದಲ್ಲಿ ನಿಂತು, ಎದುರಿನಿಂದ ನೇರ ಬರುವವರನ್ನೆಲ್ಲ ಬಿಟ್ಟು, ಜಾಗ ಸಿಕ್ಕಾಗ ತಿರುಗಬೇಕು. ಮುಂದೆ ಜಾಮ್ ಇದ್ದರೆ ಹಸಿರಿದ್ದರೂ ಒಳಗೆ ಹೋಗಲೇಬೇಡಿ, ಹಳದಿ ಗೆರೆಗಳ ಚೌಕ ಬಳಿದಿರುವುದೇ ಅದಕ್ಕೆ. ಹಾಗೇ ಹಳದಿ ದೀಪ ಬಂದರೆ ಸ್ಪೀಡ್ ಜಾಸ್ತಿ ಮಾಡುವುದಲ್ಲ. ಸ್ಟಾಪ್ ಲೈನ್ ದಾಟಿಯಾಗಿದ್ದರೆ, ಇಲ್ಲಾ ಬ್ರೇಕ್ ಹಾಕಿದರೆ ಹಿಂದಿನವನು ಬಂದು ಗುದ್ದುವಷ್ಟು ಹತ್ತಿರ ಇದ್ದರೆ ಮಾತ್ರ ಹೋಗಿ. ಉಳಿದವರೆಲ್ಲ ನಿಲ್ಲಬೇಕು.

ನೈಟ್‌ಶಿಫ್ಟ್

ಸರಿ ಸರ್. ಗ್ರೂಪಿನಲ್ಲಿ ಹಾಕುತ್ತೇನೆ. ಅರ್ಧ ಜನ ಆದರೂ ಬೈಯುವುದು ನಿಲ್ಲಿಸುತ್ತಾರೆ.

ಕ್ಲಚ್‌ಪ್ಲೇಟ್

ಇನ್ನರ್ಧ ಜನರನ್ನು ನಮ್ಮ ಸ್ಕೂಲಿಗೆ ಕಳಿಸಿ, ಫೀಸಿನಲ್ಲಿ ಕಡಿಮೆ ಮಾಡಿಕೊಡುತ್ತೇನೆ.